ಕಾಂಗ್ ಯಾತ್ಸೆ-2 ಹತ್ತುವ ಮುಂಚೆ: ಪದೇ ಪದೇ ಕೇಳುವ ಪ್ರಶ್ನೆಗಳು

ಲಡಾಖ್‌ನ ಮರ್ಖಾ ಕಣಿವೆಯಲ್ಲಿ ನಡೆದು, ಕಾಂಗ್ ಯಾತ್ಸೆ-2 ಶಿಖರ ಹತ್ತಿ, ಕೊಂಗ್ಮಾರು ಲಾ (ಲಾ ಅಂದರೆ ಬೆಟ್ಟ ದಾಟುವ ಕಣಿವೆದಾರಿ) ದಾಟಿ ವಾಪಸ್ ಬರುವುದು ನಮ್ಮ ತಂಡದ ಹಾದಿ. ಹೆಸರು ಕೊಡುವ ಮುಂಚೆ ಎಲ್ಲರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ಉದ್ದ ಇದೆ, ಆದರೂ ಪೂರ್ತಿ ಓದಿ. ಎತ್ತರದ ಕಾಯಿಲೆ ಬಗ್ಗೆ ಇರುವ ಭಾಗವನ್ನಂತೂ ಎರಡು ಸಲ ಓದಿ.

ಇದು ಟ್ರೆಕ್ಕಾ, ಪರ್ವತಾರೋಹಣಾನಾ?

ಎರಡೂ. ಮೊದಲ ನಾಲ್ಕೈದು ದಿನ ಹಳ್ಳಿಯಿಂದ ಹಳ್ಳಿಗೆ ನಡಿಗೆ. ಬಾರ್ಲಿ ಹೊಲ, ಹೊಳೆ, ಮಂತ್ರ ಕೆತ್ತಿದ ಕಲ್ಲಿನ ಮಣಿ ಗೋಡೆ, ಒಣಗಿದ ಬೆಟ್ಟಗಳು. ಬೇಸ್ ಕ್ಯಾಂಪ್ ಆದ ಮೇಲೆ ಲೆಕ್ಕ ಬದಲಾಗುತ್ತದೆ. ಅಲ್ಲಿಂದ ಕಾಲಿಗೆ ಕ್ರ್ಯಾಂಪಾನ್ (ಬೂಟಿನಡಿ ಕಟ್ಟುವ ಲೋಹದ ಮುಳ್ಳು), ಕೈಗೆ ಐಸ್ ಆಕ್ಸ್ (ಹಿಮ ಕಡಿಯುವ ಕೊಡಲಿ), ಸೊಂಟಕ್ಕೆ ಹಾರ್ನೆಸ್ (ಹಗ್ಗ ಸಿಕ್ಕಿಸುವ ಪಟ್ಟಿ) ಬೇಕು. ಮೇಲಿನ ಹಿಮದ ಇಳಿಜಾರು ಕಡಿದಾಗಿದೆ, ಹಿಮ ಗಟ್ಟಿಯಾಗಿದ್ದರೆ ಜಾರಿದವರು ತಾವಾಗಿ ನಿಲ್ಲುವುದು ಕಷ್ಟ. ಹಾಗಾಗಿ "ಕಾಂಗ್ ಯಾತ್ಸೆ-2 ಬರೀ ನಡೆಯುವ ಶಿಖರ" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಎತ್ತರ ಎಷ್ಟು?

6,250 ಮೀಟರ್. ಪಕ್ಕದಲ್ಲೇ ಇರುವ ಮುಖ್ಯ ಶಿಖರ ಕಾಂಗ್ ಯಾತ್ಸೆ-1 ಸುಮಾರು 6,400 ಮೀಟರ್. ಅದು ಬೇರೆಯದೇ ಮಟ್ಟದ ಆರೋಹಣ, ನಾವು ಅದನ್ನು ಹತ್ತುವುದಿಲ್ಲ.

ಮುಂಚೆ ಅನುಭವ ಬೇಕೇಬೇಕಾ?

ತಾಂತ್ರಿಕ ಆರೋಹಣದ ಅನುಭವ ಇಲ್ಲದಿದ್ದರೂ ನಡೆಯುತ್ತದೆ, ಬೇಸ್ ಕ್ಯಾಂಪ್‌ನಲ್ಲಿ ಕಲಿಸುತ್ತೇವೆ. ಆದರೆ 4,500 ಮೀಟರ್ ಮೇಲೆ ಒಂದು ರಾತ್ರಿಯೂ ಕಳೆಯದವರನ್ನು ನಾವು ತೆಗೆದುಕೊಳ್ಳುವುದಿಲ್ಲ. ಈ ವಿಷಯದಲ್ಲಿ ಎಷ್ಟೋ ಜನ ಬೇಜಾರು ಮಾಡಿಕೊಂಡಿದ್ದಾರೆ. ಓಟದಲ್ಲಿ ಪದಕ ಗೆದ್ದವರೂ ಕೇಳಿದ್ದಾರೆ, ಜಿಮ್‌ನಲ್ಲಿ ಎರಡು ತಾಸು ಬೆವರು ಸುರಿಸುವವರೂ ಕೇಳಿದ್ದಾರೆ. ಫಿಟ್ನೆಸ್ ಬೇರೆ, ಎತ್ತರಕ್ಕೆ ಒಗ್ಗುವುದು ಬೇರೆ. ನಿಮ್ಮ ದೇಹ ಎತ್ತರದಲ್ಲಿ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದು ಅಲ್ಲಿ ಹೋಗಿ ಮಲಗಿದಾಗಲೇ ಗೊತ್ತಾಗುವುದು. ಅದನ್ನು ಮೊದಲ ಸಲ 5,100 ಮೀಟರ್‌ನ ಬೇಸ್ ಕ್ಯಾಂಪ್‌ನಲ್ಲಿ ಕಂಡುಕೊಳ್ಳುವುದು ಬೇಡ.

ಸಮಯ ಇದ್ದರೆ ಉತ್ತರಕಾಶಿಯ ನಿಮ್ (ನೆಹರು ಪರ್ವತಾರೋಹಣ ಸಂಸ್ಥೆ), ಡಾರ್ಜಿಲಿಂಗ್‌ನ ಎಚ್‌ಎಂಐ (ಹಿಮಾಲಯನ್ ಪರ್ವತಾರೋಹಣ ಸಂಸ್ಥೆ) ಥರದ ಕಡೆ ಬೇಸಿಕ್ ಕೋರ್ಸ್ ಮಾಡಿ ಬನ್ನಿ. ಅಲ್ಲಿ ಕಲಿತವರು ಹಗ್ಗ ಹಿಡಿಯುವ ರೀತಿಯೇ ಬೇರೆ.

ಸ್ಟೋಕ್ ಕಾಂಗ್ರಿ ಶಿಖರಕ್ಕೆ ಯಾಕೆ ಹೋಗಬಾರದು? ಅದು ಲೇಹ್‌ಗೆ ಹತ್ತಿರ ಅಲ್ವಾ?

2020ರಿಂದ ಅದನ್ನು ಮುಚ್ಚಿದ್ದರು. ಸ್ಟೋಕ್ ಹಳ್ಳಿಗೆ ಆ ಹಿಮವೇ ನೀರು. ವರ್ಷವರ್ಷ ಜನ ಜಾಸ್ತಿಯಾಗಿ, ಕಸ ಜಾಸ್ತಿಯಾಗಿ, ಹಳ್ಳಿಯವರೇ ಸಾಕು ಅಂದರು. ಅವರು ಹೇಳಿದ್ದು ಸರಿ ಅಂತಲೇ ನನಗನಿಸುತ್ತದೆ. ಮರ್ಖಾದಲ್ಲೂ ಹಾಗಾಗಬಾರದು ಅಂತಲೇ ಕಸದ ವಿಷಯದಲ್ಲಿ ನಾವು ಇಷ್ಟು ಗಟ್ಟಿಯಾಗಿ ನಿಲ್ಲುವುದು.

ದಿನದ ಲೆಕ್ಕ ಹೇಗಿರುತ್ತದೆ?

ಲೇಹ್‌ನಲ್ಲಿ ಮೂರು ರಾತ್ರಿ. ನಾಲ್ಕನೇ ದಿನ ಗಾಡಿಯಲ್ಲಿ ಚಿಲ್ಲಿಂಗ್ ಕಡೆಯಿಂದ ಕಣಿವೆಗೆ ಇಳಿದು ಸ್ಕಿಯು. ಆಮೇಲೆ ಮರ್ಖಾ ಹಳ್ಳಿ, ಹಂಕರ್, ಥಚುಂಗ್ತ್ಸೆ, ನಿಮಾಲಿಂಗ್ ಹುಲ್ಲುಗಾವಲು, ಬೇಸ್ ಕ್ಯಾಂಪ್. ಬೇಸ್ ಕ್ಯಾಂಪ್‌ನಲ್ಲಿ ಒಂದು ದಿನ ತರಬೇತಿ, ಆ ರಾತ್ರಿ ಶಿಖರದ ಪ್ರಯತ್ನ, ಹವಾಮಾನ ಕೈಕೊಟ್ಟರೆ ಅಂತ ಒಂದು ಹೆಚ್ಚುವರಿ ದಿನ. ಕೊನೆಗೆ ಸುಮಾರು 5,200 ಮೀಟರ್ ಎತ್ತರದ ಕೊಂಗ್ಮಾರು ಲಾ ದಾಟಿ ಶಾಂಗ್ ಸುಮ್ದೋ ಕಡೆ ಇಳಿದು ಲೇಹ್.

ಹೆಚ್ಚುವರಿ ದಿನವನ್ನು ರಜೆ ಉಳಿಸೋಕೆ ತೆಗೆದುಹಾಕಿ ಅಂತ ಕೇಳಬೇಡಿ. ಅದನ್ನು ತೆಗೆಯುವುದಿಲ್ಲ.

ಲೇಹ್‌ನಲ್ಲಿ ಸುಮ್ನೆ ಕೂರೋಕೆ ಮೂರು ರಾತ್ರಿ ಯಾಕೆ?

ಸುಮ್ನೆ ಕೂರುವುದೇ ಅಲ್ಲಿನ ಕೆಲಸ. ಬಯಲಿನ ಊರಿಂದ ವಿಮಾನ ಹತ್ತಿ ಒಂದೆರಡು ತಾಸಿನಲ್ಲಿ 3,500 ಮೀಟರ್‌ಗೆ ಬಂದು ಇಳಿದಿರುತ್ತೀರಿ. ಗಾಳಿಯಲ್ಲಿ ಆಮ್ಲಜನಕದ ಪಾಲು ಅಷ್ಟೇ ಇದ್ದರೂ ಗಾಳಿಯ ಒತ್ತಡ ಕಡಿಮೆ. ಹಾಗಾಗಿ ಒಂದು ಉಸಿರಿಗೆ ಸಿಗುವುದು ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿನಷ್ಟು. ಶಿಖರದಲ್ಲಿ ಅದು ಅರ್ಧಕ್ಕಿಂತ ಕಡಿಮೆ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ಅದರ ಗತಿಯಲ್ಲಿ. ಮೊದಲ ದಿನ ಮಹಡಿ ಹತ್ತಿದರೇ ಎದೆ ಡವಡವ ಅನ್ನುತ್ತದೆ. ಅವತ್ತು ಮಾರ್ಕೆಟ್ ಸುತ್ತೋದು, ಶಾಂತಿ ಸ್ತೂಪದ ಮೆಟ್ಟಿಲು ಹತ್ತೋದು ಬೇಡ. ನೀರು ಕುಡಿಯಿರಿ, ಊಟ ಮಾಡಿ, ಮಲಗಿ. ಎರಡನೇ ದಿನ ನಿಧಾನವಾಗಿ ಒಂದು ಸುತ್ತು.

3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ಒಂದು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು ಅನ್ನುವುದು ವೈದ್ಯರ ಸಲಹೆ. ನಮ್ಮ ದಿನಗಳನ್ನು ಅದರ ಮೇಲೇ ಜೋಡಿಸಿದ್ದೇವೆ. ಥಚುಂಗ್ತ್ಸೆಯಲ್ಲಿ ಉಳಿಯುವುದೂ ಅದಕ್ಕೇ. ಹಂಕರ್‌ನಿಂದ ಒಂದೇ ದಿನದಲ್ಲಿ ನಿಮಾಲಿಂಗ್ ಮುಟ್ಟುವ ತಂಡಗಳಿವೆ. ನಾವು ಹಾಗೆ ಮಾಡುವುದಿಲ್ಲ.

ವಿಮಾನ ಒಳ್ಳೆಯದಾ, ರಸ್ತೆ ಒಳ್ಳೆಯದಾ?

ರಜೆ ಇದ್ದರೆ ಶ್ರೀನಗರ, ಕಾರ್ಗಿಲ್ ಮೇಲೆ ಬನ್ನಿ. ಕಾರ್ಗಿಲ್ 2,700 ಮೀಟರ್ ಹತ್ತಿರ ಇದೆ, ಅಲ್ಲಿ ಒಂದು ರಾತ್ರಿ ಮಲಗಿದರೆ ದೇಹಕ್ಕೆ ಒಳ್ಳೇ ಮೆಟ್ಟಿಲು ಸಿಕ್ಕಂತೆ. ಮನಾಲಿ ರಸ್ತೆ ನೋಡೋಕೆ ಚೆನ್ನ, ಆದರೆ ದಾರಿಯಲ್ಲಿ ಸರ್ಚುವಿನಲ್ಲಿ ಮಲಗಿದರೆ ಅದೇ 4,200 ಮೀಟರ್ ಮೇಲೆ. ಲೇಹ್‌ಗಿಂತ ಎತ್ತರದಲ್ಲಿ ಮೊದಲ ರಾತ್ರಿ ಕಳೆದು, ವಾಂತಿ ಮಾಡಿಕೊಂಡು, ನಿದ್ದೆಯಿಲ್ಲದೆ ಲೇಹ್ ಸೇರಿದವರನ್ನು ಪ್ರತಿ ಸೀಸನ್ನಿನಲ್ಲೂ ನೋಡುತ್ತೇನೆ.

ವಿಮಾನದಲ್ಲಿ ಬಂದರೂ ತೊಂದರೆಯಿಲ್ಲ, ಮೂರು ರಾತ್ರಿಯ ನಿಯಮ ಎಲ್ಲರಿಗೂ ಒಂದೇ.

ಎತ್ತರದ ಕಾಯಿಲೆ ಬಂದರೆ ಏನು ಮಾಡುತ್ತೀರಿ?

ಮೊದಲು ನೀವೇನು ಮಾಡಬೇಕು ಅಂತ ಹೇಳುತ್ತೇನೆ. ತಲೆನೋವು ಬಂದರೆ ಹೇಳಿ. ಊಟ ಸೇರದಿದ್ದರೆ ಹೇಳಿ. ಹೊಟ್ಟೆ ತೊಳಸಿದರೆ, ರಾತ್ರಿ ನಿದ್ದೆ ಬರದಿದ್ದರೆ, ತಲೆ ಸುತ್ತಿದರೆ ಹೇಳಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಪ್ರತಿಯೊಬ್ಬರನ್ನೂ ಕೂರಿಸಿಕೊಂಡು ಇದನ್ನೇ ಕೇಳುತ್ತೇವೆ. ಆಗ "ಏನಿಲ್ಲ, ಆರಾಮಿದೀನಿ" ಅಂತ ಸುಳ್ಳು ಹೇಳುವುದರಷ್ಟು ಅಪಾಯ ಬೆಟ್ಟದಲ್ಲಿ ಇನ್ನೊಂದಿಲ್ಲ.

ಒಂದು ವರ್ಷ ನಮ್ಮ ತಂಡದಲ್ಲೇ ಹೀಗಾಯಿತು. ಒಬ್ಬರು ನಿಮಾಲಿಂಗ್‌ನಿಂದಲೇ ತಲೆನೋವು ಮುಚ್ಚಿಟ್ಟಿದ್ದರು. ಹೇಳಿದರೆ ಕೆಳಗೆ ಕಳಿಸಿಬಿಡುತ್ತಾರೆ ಅನ್ನುವ ಭಯ. ಬೇಸ್ ಕ್ಯಾಂಪ್‌ಗೆ ಬಂದ ಸಂಜೆ ಟೆಂಟಿನ ಮುಂದೆ ಕೂತು ಶೂ ಲೇಸ್ ಕಟ್ಟುತ್ತಿದ್ದರು. ನಾನು ಟೀ ತಂದುಕೊಟ್ಟು ಹೋಗಿ, ಐದು ನಿಮಿಷ ಬಿಟ್ಟು ವಾಪಸ್ ಬಂದರೂ ಅದೇ ಲೇಸು, ಅದೇ ಗಂಟು. ಬೆರಳು ಲೇಸನ್ನು ಹಿಡಿಯುತ್ತಿದೆ, ಮುಂದೇನು ಮಾಡಬೇಕು ಅಂತ ತೋಚುತ್ತಿಲ್ಲ. ಎಬ್ಬಿಸಿ ನಿಲ್ಲಿಸಿ, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯಿರಿ ಅಂದೆ. ಮೂರನೇ ಹೆಜ್ಜೆಗೆ ಪಕ್ಕಕ್ಕೆ ವಾಲಿದರು. ಮಿದುಳಿನಲ್ಲಿ ನೀರು ತುಂಬಿ ಊದಿಕೊಳ್ಳುತ್ತಿರುವ ಲಕ್ಷಣ ಅದು. ಬೆಳಗಾಗಲಿ ಅಂತ ಕಾಯಲಿಲ್ಲ. ಮಿದುಳಿನ ಊತ ಇಳಿಸುವ ಡೆಕ್ಸಾಮೆಥಾಸೋನ್ ಔಷಧಿ ಕೊಟ್ಟು, ಆಮ್ಲಜನಕ ಹಚ್ಚಿ, ಹೆಡ್‌ಲ್ಯಾಂಪ್ ಬೆಳಕಿನಲ್ಲಿ ಇಬ್ಬರು ಗೈಡ್‌ಗಳು ಕುದುರೆ ಮೇಲೆ ಥಚುಂಗ್ತ್ಸೆಗೆ ಇಳಿಸಿದರು. ಬೆಳಿಗ್ಗೆ ಹೊತ್ತಿಗೆ ತಾವೇ ಲೋಟ ಹಿಡಿದು ಚಹಾ ಕುಡಿದರು. ಮುಂಚೆಯೇ ಹೇಳಿದ್ದರೆ ನಿಮಾಲಿಂಗ್‌ನಲ್ಲಿ ಒಂದು ದಿನ ತಡೆದು, ಬಹುಶಃ ಅವರೂ ಶಿಖರ ಹತ್ತಬಹುದಿತ್ತು.

ಇನ್ನೊಂದು ಲಕ್ಷಣ ಶ್ವಾಸಕೋಶದ್ದು. ಕೂತಲ್ಲೇ ಏದುಸಿರು, ಬಿಡದ ಕೆಮ್ಮು, ಎಲ್ಲರಿಗಿಂತ ಹಿಂದೆ ಬೀಳುವುದು, ಆಮೇಲೆ ಕಫದಲ್ಲಿ ನೊರೆ ಅಥವಾ ರಕ್ತದ ಬಣ್ಣ. ಇದು ರಾತ್ರಿ ಮಲಗಿದಾಗ ಬೇಗ ಬಿಗಡಾಯಿಸುತ್ತದೆ. ಪಕ್ಕದ ಟೆಂಟಿನಲ್ಲಿ ಯಾರಾದರೂ ಹಾಗೆ ಕೆಮ್ಮುತ್ತಿದ್ದರೆ, ನಿದ್ದೆ ಕೆಡಿಸೋದು ಬೇಡ ಅಂತ ಸುಮ್ಮನಿರಬೇಡಿ. ಬಂದು ನನ್ನನ್ನು ಎಬ್ಬಿಸಿ.

ಎರಡಕ್ಕೂ ಮೊದಲ ಔಷಧಿ ಇಳಿಯುವುದು. ತಂಡದ ಬಳಿ ಆಮ್ಲಜನಕದ ಸಿಲಿಂಡರ್, ಒತ್ತಡದ ಚೀಲ (ರೋಗಿಯನ್ನು ಒಳಗೆ ಮಲಗಿಸಿ ಗಾಳಿ ತುಂಬುವುದು), ಬೇಕಾದ ಔಷಧಿ ಎಲ್ಲ ಇರುತ್ತದೆ. ಆದರೆ ಇವು ಇಳಿಯೋಕೆ ಸಮಯ ಕೊಡುತ್ತವೆ ಅಷ್ಟೇ. ಔಷಧಿ ಕೊಟ್ಟು ಮೇಲೆ ಹತ್ತಿಸುವ ಮಾತೇ ಇಲ್ಲ.

ಡಯಾಮಾಕ್ಸ್ ಮಾತ್ರೆ ತಗೊಂಡರೆ ಸಾಕಲ್ವಾ?

ಸಾಕಾಗುವುದಿಲ್ಲ. ದೇಹ ಬೇಗ ಒಗ್ಗಿಕೊಳ್ಳೋಕೆ ಅದು ಸಹಾಯ ಮಾಡುತ್ತದೆ, ನಿಜ. ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆರಡು ಸಲ, ಎತ್ತರಕ್ಕೆ ಹೋಗುವ ಹಿಂದಿನ ದಿನದಿಂದ ಶುರು. ಆದರೆ ಅವಸರದಲ್ಲಿ ಹತ್ತಿದರೆ ಡಯಾಮಾಕ್ಸ್ ತಗೊಂಡವರಿಗೂ ಕಾಯಿಲೆ ಬರುತ್ತದೆ. ಬೆರಳ ತುದಿ ಜುಮುಜುಮು ಅನ್ನುತ್ತದೆ, ಮೂತ್ರ ಜಾಸ್ತಿ ಹೋಗುತ್ತದೆ, ಹೆದರಬೇಡಿ. ಸಲ್ಫಾ ಔಷಧಿ ಅಲರ್ಜಿ ಇದ್ದವರು, ಬೇರೆ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಮುಟ್ಟಬೇಡಿ.

ಆಕ್ಸಿಮೀಟರ್‌ನಲ್ಲಿ ಎಷ್ಟು ಬಂದರೆ ಸರಿ?

ಇದು ಎಲ್ಲರಿಗೂ ಹುಚ್ಚು ಹಿಡಿಸುವ ಪ್ರಶ್ನೆ. ಟೆಂಟಿನಲ್ಲಿ ಕೂತು ಒಬ್ಬರ ನಂಬರ್ ಒಬ್ಬರು ನೋಡಿ ಹೋಲಿಸುತ್ತಾರೆ. ತಣ್ಣಗಿರುವ ಬೆರಳಿಗೆ ಹಾಕಿದರೆ ಅದು ಏನೇನೋ ತೋರಿಸುತ್ತದೆ. ಬೆರಳು ಬಿಸಿ ಮಾಡಿಕೊಂಡು, ಐದು ನಿಮಿಷ ಸುಮ್ಮನೆ ಕೂತು ಆಮೇಲೆ ನೋಡಬೇಕು. ಎತ್ತರ ಏರಿದ ಹಾಗೆ ಎಲ್ಲರಿಗೂ ಇಳಿಯುತ್ತದೆ. ನಿನ್ನೆಗಿಂತ ಇವತ್ತು ಹೇಗಿದೆ, ಲಕ್ಷಣ ಏನಿದೆ ಅಂತ ನಾವು ಒಟ್ಟಿಗೆ ನೋಡುತ್ತೇವೆ. ನಂಬರ್ ಚೆನ್ನಾಗಿದ್ದು ತಲೆ ಸಿಡಿಯುತ್ತಿದ್ದರೆ ತಲೆನೋವಿನ ಮಾತೇ ಕೊನೆ ಮಾತು.

ತಯಾರಿ ಎಷ್ಟು ತಿಂಗಳು?

ಕನಿಷ್ಠ ಮೂರು. ವಾರಕ್ಕೆ ನಾಲ್ಕು ದಿನ ಓಟ ಅಥವಾ ಸೈಕಲ್, ಎರಡು ದಿನ ಬೆನ್ನಿಗೆ 10 ಕಿಲೋ ಹಾಕಿಕೊಂಡು ಮೆಟ್ಟಿಲು. ಹತ್ತುವುದಷ್ಟೇ ಅಲ್ಲ, ಇಳಿಯುವುದನ್ನೂ ಅಭ್ಯಾಸ ಮಾಡಿ. ಶಿಖರದ ದಿನ ಮಂಡಿ ಸೋಲುವುದು ಇಳಿಯುವಾಗಲೇ. ವೇಗ ಬೇಡ, ಏಳೆಂಟು ತಾಸು ನಿಲ್ಲದೆ ನಡೆಯುವ ತಾಳ್ಮೆ ಬೇಕು.

ಹೊಸ ಶೂ ಹಾಕಿಕೊಂಡು ಬರಬೇಡಿ.

ಏನೇನು ತರಬೇಕು, ನೀವು ಏನು ಕೊಡುತ್ತೀರಿ?

ಸ್ನೋ ಬೂಟ್, ಕ್ರ್ಯಾಂಪಾನ್, ಐಸ್ ಆಕ್ಸ್, ಹಾರ್ನೆಸ್, ಹೆಲ್ಮೆಟ್, ಹಗ್ಗ, ಟೆಂಟ್ ನಮ್ಮದು. ಲೇಹ್‌ನಲ್ಲೇ ಬೂಟ್ ಹಾಕಿಸಿ, ಕ್ರ್ಯಾಂಪಾನ್ ಅದಕ್ಕೆ ಕೂರುತ್ತದಾ ಅಂತ ನೋಡಿಯೇ ಹೊರಡುತ್ತೇವೆ. ನಿಮ್ಮ ಕಡೆಯಿಂದ ಪದರ ಪದರವಾಗಿ ಬಟ್ಟೆ: ಒಳಗೆ ಬೆವರು ಹೀರುವ ಥರ್ಮಲ್, ಮೇಲೆ ಫ್ಲೀಸ್, ಅದರ ಮೇಲೆ ಡೌನ್ ಜಾಕೆಟ್, ಎಲ್ಲಕ್ಕಿಂತ ಹೊರಗೆ ಗಾಳಿ ನೀರು ತಡೆಯುವುದೊಂದು. ಜೀನ್ಸ್, ಕಾಟನ್ ಟೀಶರ್ಟ್ ಲೇಹ್‌ನಲ್ಲೇ ಇರಲಿ, ಒದ್ದೆಯಾದರೆ ಒಣಗುವುದಿಲ್ಲ. ಎರಡು ಜೊತೆ ಗ್ಲೌಸ್ ಬೇಕು, ತೆಳುವಾದದ್ದು ಒಳಗೆ, ದಪ್ಪದ್ದು ಹೊರಗೆ.

ಕನ್ನಡಕದ ವಿಷಯದಲ್ಲಿ ದುಡ್ಡು ಉಳಿಸಬೇಡಿ. ಪ್ರತಿ 1,000 ಮೀಟರ್‌ಗೆ ಅತಿನೇರಳೆ ಕಿರಣ ಶೇಕಡಾ 10ರಷ್ಟು ಏರುತ್ತದೆ, ಹಿಮ ಅದನ್ನು ಕೆಳಗಿನಿಂದಲೂ ಕಣ್ಣಿಗೆ ಹೊಡೆಯುತ್ತದೆ. ಕೆಟಗರಿ 4 ಗಾಜು (ಎಲ್ಲಕ್ಕಿಂತ ಕಪ್ಪನೆಯದು), ಪಕ್ಕ ಮುಚ್ಚಿರುವ ಫ್ರೇಮ್ ಇರಲಿ. ಸನ್‌ಸ್ಕ್ರೀನ್ ಮೂಗಿನ ಹೊಳ್ಳೆಯ ಕೆಳಗೂ ಹಚ್ಚಿ, ಅಲ್ಲೇ ಮೊದಲು ಸುಡುವುದು.

ಹೊಳೆ ದಾಟಬೇಕಂತೆ, ಹೌದಾ?

ಹೌದು. ಸೇತುವೆ ಇಲ್ಲದ ಕಡೆ ಮರ್ಖಾ ಹೊಳೆಗೆ ಇಳಿಯಲೇಬೇಕು. ಬಿಸಿಲು ಏರಿದಂತೆ ಮೇಲಿನ ಹಿಮ ಕರಗಿ, ಬೆಳಿಗ್ಗೆ ಮೊಣಕಾಲಷ್ಟು ಇದ್ದದ್ದು ಮಧ್ಯಾಹ್ನಕ್ಕೆ ತೊಡೆಗೆ ಬರಬಹುದು. ಅದಕ್ಕೇ ಬೇಗ ಹೊರಡುತ್ತೇವೆ. ಬ್ಯಾಗಿನ ಸೊಂಟದ ಬಕಲ್ ಬಿಚ್ಚಿ, ಹಳೇ ಸ್ಯಾಂಡಲ್ ಹಾಕಿ, ನೀರು ಬರುವ ಕಡೆ ಮುಖ ಮಾಡಿ ಒಂದೊಂದೇ ಹೆಜ್ಜೆ. ನೀರು ಕೊರೆಯುತ್ತದೆ, ಆಚೆ ದಡದಲ್ಲಿ ಪಾದ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

ಊಟ, ಶೌಚ, ಸ್ನಾನ?

ಕೆಳಗಿನ ಹಳ್ಳಿಗಳಲ್ಲಿ ಹೋಂಸ್ಟೇ. ಅನ್ನ, ಬೇಳೆ, ಥುಕ್ಪಾ ಅನ್ನುವ ನೂಡಲ್ಸ್ ಸೂಪ್, ಮನೆಯಂಗಳದ ಸೊಪ್ಪು. ಬೆಣ್ಣೆ ಚಹಾ ಉಪ್ಪುಪ್ಪು, ಮೊದಲ ಗುಟುಕಿಗೆ ಮುಖ ಸಿಂಡರಿಸಬೇಡಿ, ಎರಡನೇ ಲೋಟಕ್ಕೆ ರುಚಿ ಹತ್ತುತ್ತದೆ. ಮೇಲೆ ನಮ್ಮ ಅಡುಗೆಯವರು ಮಾಡುತ್ತಾರೆ. ಹಸಿವಿಲ್ಲದಿದ್ದರೂ ತಿನ್ನಬೇಕು. ಹಳ್ಳಿಗಳಲ್ಲಿ ಲಡಾಖಿ ಒಣ ಶೌಚಾಲಯ, ಬಳಸಿದ ಮೇಲೆ ಮಣ್ಣು ಹಾಕಿ. ಕ್ಯಾಂಪ್‌ನಲ್ಲಿ ಗುಂಡಿ ಟೆಂಟ್. ಸ್ನಾನ ಸ್ಕಿಯು ಆದ ಮೇಲೆ ಮರೆತುಬಿಡಿ.

ಮುಟ್ಟಿನ ಸಮಯದಲ್ಲಿ ಬರಬಹುದಾ?

ಖಂಡಿತ. ಎತ್ತರಕ್ಕೆ ಹೋದಾಗ ದಿನ ಹಿಂದೆ ಮುಂದೆ ಆಗಬಹುದು, ಹಾಗಾಗಿ ಲೆಕ್ಕಕ್ಕಿಂತ ಜಾಸ್ತಿ ಪ್ಯಾಡ್ ಅಥವಾ ಕಪ್ ತನ್ನಿ. ಬಳಸಿದ್ದನ್ನು ಮುಚ್ಚುವ ಚೀಲದಲ್ಲಿ ಕಟ್ಟಿ ಕೊಟ್ಟರೆ ನಾವು ಲೇಹ್‌ಗೆ ತರುತ್ತೇವೆ. ತಂಡದಲ್ಲಿ ಮಹಿಳಾ ಗೈಡ್ ಇರುತ್ತಾರೆ, ನಾಚಿಕೆ ಇಲ್ಲದೆ ಕೇಳಿ. ಗರ್ಭಿಣಿಯರನ್ನು ಕರೆದುಕೊಂಡು ಹೋಗುವುದಿಲ್ಲ.

ಶಿಖರದ ರಾತ್ರಿ ಹೇಗಿರುತ್ತದೆ?

ಸಂಜೆ ಐದಕ್ಕೆ ಊಟ, ಆರಕ್ಕೆ ಮಲಗಿ ಅನ್ನುತ್ತೇವೆ. ಯಾರಿಗೂ ನಿದ್ದೆ ಬರುವುದಿಲ್ಲ. ಪರವಾಗಿಲ್ಲ, ಕಣ್ಣು ಮುಚ್ಚಿ ಮಲಗಿದರೆ ಸಾಕು. ಬೂಟಿನ ಒಳಪದರ, ಹೆಡ್‌ಲ್ಯಾಂಪ್ ಬ್ಯಾಟರಿ, ಫೋನ್ ಎಲ್ಲ ಸ್ಲೀಪಿಂಗ್ ಬ್ಯಾಗ್ ಒಳಗೆ. ಹನ್ನೊಂದಕ್ಕೆ ಎಬ್ಬಿಸಿ ಗಂಜಿ, ಬಿಸಿನೀರು. ಬಾಟಲಿಯನ್ನು ತಲೆಕೆಳಗಾಗಿ ಇಡಿ. ಮಂಜುಗಡ್ಡೆ ಮೇಲಿನಿಂದ ಕಟ್ಟುತ್ತಾ ಬರುತ್ತದೆ, ಬಾಯಿ ಕೆಳಗಿದ್ದರೆ ಮುಚ್ಚಳ ಬಿಚ್ಚಬಹುದು. ಕೊಳವೆಯಲ್ಲಿ ಹೀರುವ ನೀರಿನ ಚೀಲ ಅವತ್ತು ಬೇಡ, ಕೊಳವೆ ಮೊದಲ ತಾಸಿನಲ್ಲೇ ಹೆಪ್ಪುಗಟ್ಟುತ್ತದೆ.

ಮಧ್ಯರಾತ್ರಿ ಹೊರಡುತ್ತೇವೆ. ಮೊದಲ ಎರಡು ಮೂರು ತಾಸು ಕಲ್ಲು, ಸಡಿಲ ಮಣ್ಣು. ಹಿಮ ಶುರುವಾಗುವ ಜಾಗದಲ್ಲಿ ಕ್ರ್ಯಾಂಪಾನ್ ಕಟ್ಟಬೇಕು. ಬೇಸ್ ಕ್ಯಾಂಪ್‌ನ ಬಿಸಿಲಲ್ಲಿ ಒಂದು ನಿಮಿಷದಲ್ಲಿ ಕಟ್ಟಿದವರಿಗೂ ಇಲ್ಲಿ ಹತ್ತು ನಿಮಿಷ ಹಿಡಿಯುತ್ತದೆ. ಚಳಿ ಮೈನಸ್ 10ರ ಆಸುಪಾಸು, ಮೇಲೆ ಗಾಳಿ. ಗ್ಲೌಸ್ ತೆಗೆದರೆ ಬೆರಳು ಮರಗಟ್ಟುತ್ತದೆ, ಹಾಕಿಕೊಂಡರೆ ಪಟ್ಟಿ ಕೈಗೆ ಸಿಗುವುದಿಲ್ಲ. ಅದಕ್ಕೇ ತರಬೇತಿ ದಿನ ಗ್ಲೌಸ್ ಹಾಕಿಸಿ, ಕಣ್ಣು ಮುಚ್ಚಿಸಿ ಕಟ್ಟಿಸುತ್ತೇವೆ, ಅದು ಬರುವವರೆಗೂ ಬಿಡುವುದಿಲ್ಲ.

ಆಮೇಲೆ ಉದ್ದನೆಯ ಹಿಮದ ಇಳಿಜಾರು. ಹಗ್ಗದಲ್ಲಿ ಒಬ್ಬರ ಹಿಂದೆ ಒಬ್ಬರು. ಒಂದು ಹೆಜ್ಜೆ, ಎರಡು ಉಸಿರು. ಮಾತಿಲ್ಲ. ಮುಂದಿನವರ ಬೂಟಿನ ಮೇಲೆ ಬಿದ್ದಿರುವ ನಿಮ್ಮ ದೀಪದ ವೃತ್ತ ಬಿಟ್ಟರೆ ಏನೂ ಕಾಣುವುದಿಲ್ಲ. ಬೆಳಗಿನ ಜಾವ ನಾಲ್ಕರಿಂದ ಐದರವರೆಗೆ ಅತಿ ಕಷ್ಟದ ಹೊತ್ತು. ವಾಪಸ್ ಹೋಗೋಣ ಅಂತ ಎಲ್ಲರಿಗೂ ಅನಿಸುತ್ತದೆ. ಸೂರ್ಯ ಬಂದ ಮೇಲೆ ಅದರಲ್ಲಿ ಅರ್ಧ ಕರಗಿಹೋಗುತ್ತದೆ. ಕಿತ್ತಳೆ ಬಣ್ಣ ಮೊದಲು ಕಾಂಗ್ ಯಾತ್ಸೆ-1ರ ತುದಿಗೆ ತಾಗಿ, ಅಲ್ಲಿಂದ ಇಳಿಯುತ್ತಾ ನಿಮ್ಮ ಕಾಲ ಹತ್ತಿರ ಬರುತ್ತದೆ.

ಬೇಸ್ ಕ್ಯಾಂಪ್‌ನಿಂದ ಮೇಲಕ್ಕೆ ಸುಮಾರು 1,150 ಮೀಟರ್. ಹೋಗಿ ಬರೋಕೆ 12 ತಾಸು ಅಂತ ಇಟ್ಟುಕೊಳ್ಳಿ.

ಶಿಖರ ಮುಟ್ಟುವ ಗ್ಯಾರಂಟಿ ಇದೆಯಾ?

ಇಲ್ಲ. ಬೆಳಿಗ್ಗೆ 10ಕ್ಕೆ ಎಲ್ಲಿದ್ದೀರೋ ಅಲ್ಲಿಂದ ತಿರುಗುತ್ತೇವೆ. ತುದಿ ಐವತ್ತು ಮೀಟರ್ ದೂರದಲ್ಲಿ ಕಾಣುತ್ತಿದ್ದರೂ ಅಷ್ಟೇ. ಬಿಸಿಲಿಗೆ ಹಿಮ ಮೆತ್ತಗಾಗಿ ಕಾಲು ಹೂತುಹೋಗುತ್ತದೆ, ಕ್ರ್ಯಾಂಪಾನ್ ಕೆಳಗೆ ಹಿಮದ ಉಂಡೆ ಕಟ್ಟಿ ಹಿಡಿತ ತಪ್ಪುತ್ತದೆ. ಸುಸ್ತಾದವರು ಇಳಿಯುವುದೂ ಆಗಲೇ. ತಿರುಗುವ ತೀರ್ಮಾನ ಮುಖ್ಯ ಗೈಡ್‌ದು. ಮಾತು ಮೀರಿ ಹೋದವರನ್ನು ಮುಂದಿನ ಯಾವ ತಂಡಕ್ಕೂ ಸೇರಿಸುವುದಿಲ್ಲ.

ತಿರುಗಿ ಬಂದವರು ಟೆಂಟಿನಲ್ಲಿ ಅತ್ತಿದ್ದನ್ನು ನೋಡಿದ್ದೇನೆ. ಆ ದುಃಖ ದೊಡ್ಡದೇ. ಮುಂದಿನ ವರ್ಷ ಬಂದು ಹತ್ತಿದವರೂ ಅವರಲ್ಲಿದ್ದಾರೆ.

ಯಾವ ತಿಂಗಳು ಬರಬೇಕು?

ಜುಲೈ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ. ಲಡಾಖ್ ಮಳೆ ನೆರಳಿನ ಪ್ರದೇಶ, ಆದರೆ ಮಳೆಯೇ ಇಲ್ಲ ಅಂತಲ್ಲ. 2010ರ ಆಗಸ್ಟ್‌ನಲ್ಲಿ ಮೇಘಸ್ಫೋಟವಾಗಿ ಲೇಹ್ ಸುತ್ತ ಎಷ್ಟು ಜೀವ ಹೋಯಿತು ಅಂತ ಇಲ್ಲಿನವರು ಇನ್ನೂ ಮರೆತಿಲ್ಲ. ಮೋಡ ಕಟ್ಟಿದ ದಿನ ಹೊಳೆ ಪಕ್ಕ ಟೆಂಟ್ ಹಾಕುವುದಿಲ್ಲ.

ಫೋನ್ ಸಿಗುತ್ತದಾ? ಸ್ಯಾಟಲೈಟ್ ಫೋನ್ ತರಲಾ?

ಬೇರೆ ರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ತನ್ನಿ. ಕಣಿವೆಯೊಳಗೆ ಹೋದ ಮೇಲೆ ಸಿಗ್ನಲ್ ನಂಬಬೇಡಿ. ಮನೆಯವರಿಗೆ ಮೊದಲೇ ಹೇಳಿಬನ್ನಿ. ಸ್ಯಾಟಲೈಟ್ ಫೋನ್, ಉಪಗ್ರಹದ ಮೂಲಕ ಸಂದೇಶ ಕಳಿಸುವ ಕೈಯಂತ್ರ ಯಾವುದನ್ನೂ ಸ್ವಂತವಾಗಿ ತರಬೇಡಿ. ಸರ್ಕಾರದ ಅನುಮತಿ ಇಲ್ಲದೆ ಭಾರತದಲ್ಲಿ ಅದು ಅಪರಾಧ, ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ.

ಏನಾದರೂ ಆದರೆ ಹೆಲಿಕಾಪ್ಟರ್ ತಕ್ಷಣ ಬರುತ್ತದೆ ಅಂದುಕೊಳ್ಳಬೇಡಿ. ಹವಾಮಾನ, ಇಳಿಯುವ ಜಾಗ, ಅನುಮತಿ ಎಲ್ಲ ಕೂಡಿಬರಬೇಕು. ನಮ್ಮ ಮೊದಲ ಯೋಜನೆ ಯಾವಾಗಲೂ ಕುದುರೆ ಮತ್ತು ಕಾಲು.

ಯಾವ ಕಾಗದ ಬೇಕು?

ಆಧಾರ್, ವೈದ್ಯರ ಪ್ರಮಾಣಪತ್ರ, ವಿಮೆ. ವಿಮೆಯಲ್ಲಿ ಎಷ್ಟು ಮೀಟರ್‌ವರೆಗೆ ಅಂತ ಓದಿ, ಹಗ್ಗ ಬಳಸುವ ಆರೋಹಣ ಸೇರಿದೆಯಾ ಅಂತಲೂ ನೋಡಿ. ಸುಮಾರು ಪಾಲಿಸಿಗಳು ಎರಡನ್ನೂ ಬಿಟ್ಟಿರುತ್ತವೆ. ಶಿಖರಕ್ಕೆ ಭಾರತೀಯ ಪರ್ವತಾರೋಹಣ ಪ್ರತಿಷ್ಠಾನದ ಅನುಮತಿ ನಾವು ಮಾಡಿಸುತ್ತೇವೆ. ಬಿಪಿ, ಆಸ್ತಮಾ, ಹೃದಯದ ತೊಂದರೆ ಏನಿದ್ದರೂ ಫಾರಂನಲ್ಲಿ ಬರೆಯಿರಿ.

ಹಿಮಚಿರತೆ ಕಾಣುತ್ತದಾ?

ದಾರಿ ಹೆಮಿಸ್ ರಾಷ್ಟ್ರೀಯ ಉದ್ಯಾನದೊಳಗೇ ಹೋಗುತ್ತದೆ, ಅದರ ಮನೆ ಅದು. ಆದರೆ ಬೇಸಿಗೆಯಲ್ಲಿ ಅದು ಎತ್ತರಕ್ಕೆ ಹೋಗಿರುತ್ತದೆ. ನೀಲಿ ಕುರಿ, ದೊಡ್ಡ ಅಳಿಲಿನ ಥರದ ಮಾರ್ಮಟ್ ಸಾಮಾನ್ಯವಾಗಿ ಸಿಗುತ್ತವೆ. ಮಾರ್ಮಟ್‌ಗೆ ಬಿಸ್ಕತ್ತು ಹಾಕಬೇಡಿ.

ನನ್ನ ಬ್ಯಾಗ್ ಯಾರು ಹೊರುತ್ತಾರೆ?

ದೊಡ್ಡ ಬ್ಯಾಗ್ ಕುದುರೆ ಮೇಲೆ, ಒಬ್ಬರಿಗೆ 12 ಕಿಲೋ ಮಿತಿ. ಕುದುರೆಯವರು ಈ ಕಣಿವೆಯವರೇ. "ಜುಲೇ" ಅಂದರೆ ನಮಸ್ಕಾರವೂ ಹೌದು, ಧನ್ಯವಾದವೂ ಹೌದು, ದಿನಕ್ಕೆ ಹತ್ತು ಸಲ ಹೇಳಿ. ಮಣಿ ಗೋಡೆ ಬಂದಾಗ ಅದು ನಿಮ್ಮ ಬಲಗೈಗೆ ಬರುವಂತೆ ದಾಟಿ, ಮೇಲೆ ಕೂರಬೇಡಿ, ಅಲ್ಲಿರುವುದು ಮಂತ್ರ ಕೆತ್ತಿದ ಕಲ್ಲು.

ವಾಪಸ್ ವಿಮಾನ ಯಾವ ದಿನ ಬುಕ್ ಮಾಡಲಿ?

ಲೇಹ್ ತಲುಪುವ ದಿನದಿಂದ ಎರಡು ದಿನ ಬಿಟ್ಟು. ಹೆಚ್ಚುವರಿ ದಿನ ಬಳಸಬೇಕಾಗಬಹುದು, ಲೇಹ್‌ನಲ್ಲಿ ಮೋಡ ಬಂದರೆ ವಿಮಾನವೇ ರದ್ದಾಗುತ್ತದೆ. ನಾಳೆ ಬೆಳಿಗ್ಗೆ ವಿಮಾನ ಇದೆ ಅನ್ನುವ ಯೋಚನೆ ತಲೆಯಲ್ಲಿದ್ದರೆ ಬೇಸ್ ಕ್ಯಾಂಪ್‌ನಲ್ಲಿ ಹವಾಮಾನಕ್ಕೆ ಕಾಯುವ ಮನಸ್ಸು ಇರುವುದಿಲ್ಲ. ಏನೂ ತೊಂದರೆಯಾಗದೆ ಎರಡು ದಿನ ಉಳಿದರೆ ಒಂದು ದಿನ ನಿದ್ದೆ ಮಾಡಿ, ಇನ್ನೊಂದು ದಿನ ಬೂಟು, ಗೇಟರ್ (ಬೂಟಿನೊಳಗೆ ಹಿಮ ಹೋಗದಂತೆ ಕಾಲಿಗೆ ಹಾಕುವ ಕವಚ) ತೊಳೆದು ಒಣಗಿಸೋಕೆ ನಮ್ಮ ಅಂಗಳಕ್ಕೆ ಬನ್ನಿ. ಕುದುರೆಯವರೂ ಅವತ್ತು ಅಲ್ಲೇ ಊಟಕ್ಕೆ ಇರುತ್ತಾರೆ.